ಲಾಗ್‌ನಲ್ಲಿ ಬರೀ ಐಪಿ ಸಂಖ್ಯೆ ಕಾಣುತ್ತಿದೆ, ಉಪಕರಣದ ಹೆಸರು ಬರಬೇಕಾದರೆ ಏನು ಮಾಡಬೇಕು?

ತೊಗರಿಕಣಜ, ಕಲಬುರಗಿ

ಎಲ್ಲರಿಗೂ ಶರಣು. ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್‌ನಲ್ಲಿ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ಕೆಲಸ ನನ್ನದು. ಲೆಕ್ಕದ ಕಂಪ್ಯೂಟರ್‌ಗಳು, ಪ್ರಿಂಟರ್‌ಗಳು, ವೇಬ್ರಿಡ್ಜ್, ಬಣ್ಣ ನೋಡಿ ಬೇಳೆ ಆರಿಸುವ ಸಾರ್ಟೆಕ್ಸ್ ಯಂತ್ರ, ಗೋದಾಮಿನ ಕ್ಯಾಮೆರಾಗಳು, ಅವುಗಳ ವಿಡಿಯೊ ಉಳಿಸಿಡುವ ಎನ್‌ವಿಆರ್ ಎಲ್ಲವೂ 192.168.10 ಎಂದು ಶುರುವಾಗುವ ಒಂದೇ ಜಾಲದಲ್ಲಿವೆ. ವಿಳಾಸ ಹಂಚುವುದು ರೂಟರ್. ಡಿಎನ್‌ಎಸ್‌ಗೆಂದು, ಅಂದರೆ ಹೆಸರು ಕೇಳಿದರೆ ಐಪಿ ವಿಳಾಸ ಹೇಳುವ ಕೆಲಸಕ್ಕೆಂದು, ಪುಟ್ಟದೊಂದು ಲಿನಕ್ಸ್ ಪೆಟ್ಟಿಗೆಯಲ್ಲಿ ಪೈ-ಹೋಲ್ ಎಂಬ ತಂತ್ರಾಂಶ ನಡೆಸುತ್ತಿದ್ದೇನೆ.

ಈಗ ತೊಗರಿ ಆವಕ ಜೋರಾಗಿದೆ. ರಾತ್ರಿ ಪಾಳಿಯಲ್ಲಿ ಇಂಟರ್‌ನೆಟ್ ಎಳೆದಾಡತೊಡಗಿದರೆ ವೇಬ್ರಿಡ್ಜ್ ಚೀಟಿ ತಡವಾಗುತ್ತದೆ, ಲಾರಿಗಳು ಗೇಟಿನಾಚೆ ಸಾಲುಗಟ್ಟುತ್ತವೆ. ಯಾರು ಏನು ಕೇಳಿದರೆಂದು ಪೈ-ಹೋಲ್ ಬರೆದಿಡುವ ಲಾಗ್ ತೆರೆದು ನೋಡಿದರೆ 192.168.10.45 ಎಂಬ ವಿಳಾಸ ಬಿಡುವಿಲ್ಲದೆ ಹೊರಗಿನ ಒಂದು ಸರ್ವರಿನ ಹೆಸರನ್ನು ಕೇಳುತ್ತಿದೆ. ಅದು ಕ್ಯಾಮೆರಾವೋ, ಪ್ರಿಂಟರೋ, ಯಾರದೋ ಮೊಬೈಲೋ ತಿಳಿಯುತ್ತಿಲ್ಲ. ಲೆಕ್ಕದ ಕಂಪ್ಯೂಟರಿನಲ್ಲಿ ಹೆಸರು-ವಿಳಾಸಗಳ ಪಟ್ಟಿಯಾದ ಹೋಸ್ಟ್ಸ್ ಕಡತದಲ್ಲಿ ಎಲ್ಲ ಉಪಕರಣಗಳ ಹೆಸರು ಬರೆದಿಟ್ಟಿದ್ದೇನೆ. ಅಲ್ಲಿಂದ ಹೆಸರು ಹಿಡಿದು ಪಿಂಗ್ ಮಾಡಿದರೆ ಉತ್ತರ ಬರುತ್ತದೆ. ಪೈ-ಹೋಲ್‌ನ ಪಟ್ಟಿಯಲ್ಲಿ ಮಾತ್ರ ಸಂಖ್ಯೆಯೇ ಕೂತಿದೆ. ತಿಳಿದವರು ದಾರಿ ತೋರಿಸಬೇಕು.

ಕಾರಂಜಾ, ಬೀದರ್

ಶರಣು ಸರ್. ನಾನು ಬೀದರ್‌ನ ಒಂದು ಕಾಲೇಜಿನಲ್ಲಿ ಪ್ರಯೋಗಾಲಯಗಳ ಜಾಲ ನೋಡಿಕೊಳ್ಳುತ್ತೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಏಕೆಂದರೆ ಬುಡ ತಿಳಿದರೆ ಮುಂದಿನದನ್ನು ನೀವೇ ಬಿಡಿಸಿಕೊಳ್ಳಬಲ್ಲಿರಿ.

ಪಹಣಿಯಲ್ಲಿ ಸರ್ವೆ ನಂಬರ್ ಕೊಟ್ಟು ಮಾಲೀಕನನ್ನು ಹುಡುಕಿದರೂ, ಮಾಲೀಕನ ಹೆಸರು ಕೊಟ್ಟು ಸರ್ವೆ ನಂಬರ್ ಹುಡುಕಿದರೂ ತೆರೆಯುವುದು ಒಂದೇ ದಾಖಲೆ. ಡಿಎನ್‌ಎಸ್ ಹಾಗಿಲ್ಲ. ಹೆಸರಿನಿಂದ ವಿಳಾಸ ಹೇಳುವುದು ‘ಎ’ ದಾಖಲೆ. ವಿಳಾಸದಿಂದ ಹೆಸರು ಹೇಳುವುದು ‘ಪಿಟಿಆರ್’ ದಾಖಲೆ. ಇವೆರಡೂ ಬೇರೆ ಕಡತಗಳಲ್ಲಿ, ಎಷ್ಟೋ ಸಲ ಬೇರೆಯವರ ಕೈಯಲ್ಲೇ ಇರುತ್ತವೆ. ಒಂದನ್ನು ಬರೆದ ಮಾತ್ರಕ್ಕೆ ಇನ್ನೊಂದು ಹುಟ್ಟುವುದಿಲ್ಲ.

ಹಾಗಾದರೆ ಸಂಖ್ಯೆಯನ್ನು ಹುಡುಕುವುದು ಹೇಗೆ? ಡಿಎನ್‌ಎಸ್‌ಗೆ ಹುಡುಕಲು ಬರುವುದು ಹೆಸರನ್ನು ಮಾತ್ರ. ಆದ್ದರಿಂದ ಸಂಖ್ಯೆಯನ್ನೇ ಒಂದು ಹೆಸರಿನಂತೆ ಬರೆಯುತ್ತಾರೆ. 192.168.10.45 ಎಂಬುದನ್ನು ತಿರುಗಿಸಿ 45.10.168.192 ಎಂದು ಮಾಡಿ, ಕೊನೆಗೆ ಇನ್-ಆಡರ್.ಆರ್ಪಾ ಎಂದು ಸೇರಿಸುತ್ತಾರೆ. ತಿರುಗಿಸುವುದಕ್ಕೆ ಕಾರಣವಿದೆ. ಐಪಿ ವಿಳಾಸದಲ್ಲಿ ದೊಡ್ಡ ವ್ಯಾಪ್ತಿ ಎಡಕ್ಕಿರುತ್ತದೆ, ಬಲಕ್ಕೆ ಹೋದಂತೆ ಒಂದೊಂದೇ ಯಂತ್ರಕ್ಕೆ ಇಳಿಯುತ್ತದೆ. ಡೊಮೇನ್ ಹೆಸರಿನಲ್ಲಿ ದೊಡ್ಡದು ಬಲಕ್ಕಿರುತ್ತದೆ. ತಿರುಗಿಸಿದಾಗ ಎರಡೂ ಒಂದೇ ದಿಕ್ಕಿಗೆ ಬರುತ್ತವೆ, 192.168.10ರ ಇಡೀ ಗುಂಪನ್ನು ಒಬ್ಬರ ವಶಕ್ಕೆ ಕೊಡುವುದು ಸುಲಭವಾಗುತ್ತದೆ. ಡಿಎನ್‌ಎಸ್ ರೂಪಿಸಿದ ಪಾಲ್ ಮೊಕಪೆಟ್ರಿಸ್ ಬರೆದ 1987ರ ಆರ್‌ಎಫ್‌ಸಿ 1035 ಎಂಬ ಇಂಟರ್‌ನೆಟ್ ನಿಯಮಗಳ ದಾಖಲೆಯಲ್ಲೇ ಈ ಏರ್ಪಾಡು ಇದೆ, ಇಂದಿಗೂ ನಡೆಯುತ್ತಿರುವುದು ಅದೇ. ಸರ್ವರ್ ತನ್ನ ಬಳಿ ಇರುವ ಹೆಸರುಗಳ ಪಟ್ಟಿಯನ್ನು ಹಿಂದಿನಿಂದ ತಡಕುವ ಇನ್ನೊಂದು ಬಗೆಯ ಪ್ರಶ್ನೆಯೂ ಅದೇ ದಾಖಲೆಯಲ್ಲಿತ್ತು. ಒಂದು ಸರ್ವರ್‌ಗೆ ಗೊತ್ತಿರುವುದು ತನ್ನದಷ್ಟೇ, ಊರ ಮೇಲಿನ ಉಳಿದವರದು ಅದಕ್ಕೆ ಗೊತ್ತಿರುವುದಿಲ್ಲ. ಹಾಗಾಗಿ ಅದು ನೆಲೆಯೂರಲಿಲ್ಲ, 2002ರಲ್ಲಿ ಆರ್‌ಎಫ್‌ಸಿ 3425 ಅದನ್ನು ಕೈಬಿಟ್ಟಿತು. ಸಂಖ್ಯೆಯಿಂದ ಹೆಸರು ತಿಳಿಯುವುದಕ್ಕೆ ರಿವರ್ಸ್ ಡಿಎನ್‌ಎಸ್ ಎನ್ನುತ್ತಾರೆ. ರಿವರ್ಸ್ ಎಂದರೆ ಹಿಂದಿನಿಂದ ಹುಡುಕುವುದು ಎಂದು ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಈಗಲೂ ಬರೆಯುತ್ತಾರೆ. ಹಾಗಲ್ಲ, ಅದು ಕೂಡ ನೇರವಾದ ಹುಡುಕಾಟವೇ; ಹುಡುಕುವ ಮರ ಬೇರೆ.

ಈಗ ನಿಮ್ಮ ಮಿಲ್‌ಗೆ ಬರೋಣ. ಹೋಸ್ಟ್ಸ್ ಕಡತ ಯಾವ ಕಂಪ್ಯೂಟರಿನಲ್ಲಿದೆಯೋ ಅದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಅದೇ ಸಾಲುಗಳನ್ನು ಪೈ-ಹೋಲ್‌ನ ಸ್ಥಳೀಯ ಡಿಎನ್‌ಎಸ್ ದಾಖಲೆಗಳಿಗೆ ಸೇರಿಸಿ. ಪೈ-ಹೋಲ್‌ನ ಒಳಗೆ ಕೆಲಸ ಮಾಡುವುದು ಡಿಎನ್‌ಎಸ್‌ಮಾಸ್ಕ್. ಅದು ಒಂದೇ ಸಾಲಿನಿಂದ ಹೆಸರಿನ ಉತ್ತರವನ್ನೂ ಸಂಖ್ಯೆಯ ಉತ್ತರವನ್ನೂ ಕೊಡುತ್ತದೆ. ಒಂದು ವಿಳಾಸಕ್ಕೆ ಹಲವು ಹೆಸರು ಬರೆದಿದ್ದರೆ ಸಾಲಿನ ಮೊದಲ ಹೆಸರೇ ಸಂಖ್ಯೆಯ ಉತ್ತರವಾಗುತ್ತದೆ. ಆಮೇಲೆ ಯಾವುದಾದರೂ ಕಂಪ್ಯೂಟರಿನಿಂದ ‘ಎನ್ಎಸ್‌ಲುಕಪ್ 192.168.10.45’ ಎಂದು ಕೇಳಿ. ವಿಂಡೋಸ್‌ನಲ್ಲಿ ‘ಪಿಂಗ್ -ಎ’, ಲಿನಕ್ಸ್‌ನಲ್ಲಿ ‘ಡಿಗ್ -ಎಕ್ಸ್’ ಕೂಡ ಇದನ್ನೇ ಮಾಡುತ್ತವೆ.

ಶಹಾಬಾದಿಕಲ್ಲು, ಶಹಾಬಾದ್

ಕ್ಯಾಮೆರಾ ಅಳವಡಿಸುವ ಕೆಲಸ ಮಾಡುತ್ತೇನೆ. ನನ್ನ ಅಭಿಪ್ರಾಯ ಬೇರೆ. ಪ್ರತಿ ಉಪಕರಣಕ್ಕೂ ಚೀಟಿ ಅಂಟಿಸಿ, ರ‍್ಯಾಕ್‌ನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದರೆ ಸಾಕು. ನಾವು ಎಷ್ಟೋ ಗೋದಾಮುಗಳಲ್ಲಿ ಹಾಗೆಯೇ ಮಾಡಿದ್ದೇವೆ. ಸರ್ವರ್ ಕೆಟ್ಟರೂ ಪಟ್ಟಿ ಕೆಡುವುದಿಲ್ಲ. ಇಷ್ಟಕ್ಕೆ ಡಿಎನ್‌ಎಸ್ ಏಕೆ?

ಇನ್ನೊಂದು ತೊಡಕೂ ಇದೆ. ಕ್ಯಾಮೆರಾಗಳು ತಾವಾಗಿ ಹೆಸರು ಹೇಳಿಕೊಳ್ಳುವುದೇ ಅಪರೂಪ. ಹೇಳಿಕೊಂಡರೂ ಒಂದೇ ಕಂಪನಿಯ ಎಲ್ಲವೂ ಒಂದೇ ಹೆಸರು ಹೇಳುತ್ತವೆ. ರೂಟರ್ ಈ ದಿನ ಕೊಟ್ಟ ವಿಳಾಸ ಕರೆಂಟ್ ಹೋಗಿ ಬಂದ ಮೇಲೆ ಬೇರೆಯದಕ್ಕೆ ಹೋಗಿರುತ್ತದೆ. ಆಗ ನೀವು ಬರೆದ ಹೆಸರೇ ತಪ್ಪು ದಾರಿ ತೋರಿಸುತ್ತದೆ. ಹೆಸರಿಲ್ಲದಿರುವುದಕ್ಕಿಂತ ತಪ್ಪು ಹೆಸರು ಕೆಟ್ಟದ್ದು.

ಕಾರಂಜಾ, ಬೀದರ್

ಅಣ್ಣಾವರೇ, ಕೊನೆಯ ಮಾತು ನೂರಕ್ಕೆ ನೂರು ನಿಜ. ಚೀಟಿ ಬೇಡವೆಂದು ನಾನೂ ಹೇಳುವುದಿಲ್ಲ, ನಮ್ಮ ಪ್ರಯೋಗಾಲಯದ ಪ್ರತಿ ಯಂತ್ರದ ಮೇಲೂ ಇದೆ. ಆದರೆ ರಾತ್ರಿ ಎರಡು ಗಂಟೆಗೆ ಮನೆಯಿಂದ ಲಾಗ್ ನೋಡುವವನಿಗೆ ರ‍್ಯಾಕ್‌ನ ಬಾಗಿಲು ಕಾಣುವುದಿಲ್ಲ. ಫೈರ್‌ವಾಲ್, ಸ್ವಿಚ್, ಮೇಲ್ವಿಚಾರಣೆಯ ತಂತ್ರಾಂಶ ಇವು ಯಾವುವೂ ಗೋಡೆಯ ಪಟ್ಟಿಯನ್ನು ಓದುವುದಿಲ್ಲ, ಪಿಟಿಆರ್ ಕೇಳುತ್ತವೆ. ಒಂದು ಕಡೆ ಬರೆದರೆ ಎಲ್ಲ ಕಡೆಯೂ ಹೆಸರು ಕಾಣುತ್ತದೆ.

ವಿಳಾಸ ಬದಲಾಗುವ ತೊಡಕಿಗೆ ಉಪಾಯವೆಂದರೆ ಹೆಸರು ಕೊಡುವವನೂ ವಿಳಾಸ ಕೊಡುವವನೂ ಒಬ್ಬನೇ ಆಗುವುದು. ತೊಗರಿಕಣಜ ಸರ್, ರೂಟರ್‌ನ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಕೆಲಸ, ನಿಲ್ಲಿಸಿ ಅದನ್ನು ಪೈ-ಹೋಲ್‌ಗೇ ವಹಿಸಿ. ಕ್ಯಾಮೆರಾ, ಪ್ರಿಂಟರ್, ವೇಬ್ರಿಡ್ಜ್ ಇಂಥವುಗಳ ಮ್ಯಾಕ್ ವಿಳಾಸ (ಉಪಕರಣಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಗುರುತು), ಐಪಿ, ಹೆಸರು ಮೂರನ್ನೂ ಒಂದೇ ಸಾಲಿನಲ್ಲಿ ಕಟ್ಟಿಹಾಕಿ. ಉಪಕರಣ ತನ್ನ ಬಗ್ಗೆ ಏನೇ ಹೇಳಿಕೊಳ್ಳಲಿ, ನೀವು ಬರೆದದ್ದೇ ನಡೆಯುತ್ತದೆ. ಡಿಎಚ್‌ಸಿಪಿ ರೂಟರ್‌ನಲ್ಲೇ ಉಳಿಯಬೇಕೆಂದಾದರೆ ಪೈ-ಹೋಲ್‌ನಲ್ಲಿ ಕಂಡೀಷನಲ್ ಫಾರ್ವರ್ಡಿಂಗ್ ಎಂಬ ಆಯ್ಕೆ ಇದೆ, 192.168.10ರ ಸಂಖ್ಯೆ ಬಂದರೆ ಹೆಸರನ್ನು ರೂಟರ್‌ಗೆ ಕೇಳು ಎಂದು ಅದು ಹೇಳುತ್ತದೆ. ರೂಟರ್ ಆ ಹೆಸರುಗಳನ್ನು ಸರಿಯಾಗಿ ಇಟ್ಟುಕೊಂಡಿದ್ದರೆ ಮಾತ್ರ ಇದು ಉಪಯೋಗ. ಅಗ್ಗದ ರೂಟರ್‌ಗಳ ಮೇಲೆ ನನಗೆ ಆ ಭರವಸೆ ಇಲ್ಲ.

ಮೊಬೈಲ್‌ಗಳಿಗೆ ಹೆಸರಿಡಲು ಹೋಗಬೇಡಿ. ಆಂಡ್ರಾಯ್ಡ್ 10ರಿಂದ, ಐಒಎಸ್ 14ರಿಂದ ಈಚೆಗೆ ಫೋನ್‌ಗಳು ಒಂದೊಂದು ವೈಫೈಗೆ ಒಂದೊಂದು ಹುಸಿ ಮ್ಯಾಕ್ ವಿಳಾಸ ತೋರಿಸುತ್ತವೆ. ಅವಕ್ಕೆ ಬೇರೆ ಸಂಖ್ಯೆಗಳ ಗುಂಪು ಕೊಟ್ಟುಬಿಡಿ, ಸಂಖ್ಯೆ ನೋಡಿದೊಡನೆ ಇದು ಫೋನ್ ಎಂದು ಗೊತ್ತಾದರೆ ಸಾಕು.

ತೊಗರಿಕಣಜ, ಕಲಬುರಗಿ

ಡಿಎಚ್‌ಸಿಪಿಯನ್ನು ಪೈ-ಹೋಲ್‌ಗೆ ವಹಿಸಿದೆ. ಸ್ಥಿರ ಉಪಕರಣಗಳನ್ನೆಲ್ಲ ಮ್ಯಾಕ್ ಹಿಡಿದು ಕಟ್ಟಿದೆ. ಈಗ ಪಟ್ಟಿಯಲ್ಲಿ ಹೆಸರುಗಳೇ ಕಾಣುತ್ತಿವೆ. 45 ಎಂಬುದು ಗೋದಾಮಿನ ಎನ್‌ವಿಆರ್. ಅದರಲ್ಲಿ ಕ್ಲೌಡ್ ಬ್ಯಾಕಪ್ ಆಯ್ಕೆ ಚಾಲೂ ಇತ್ತು, ಅಷ್ಟೂ ವಿಡಿಯೊ ರಾತ್ರಿ ಹೊರಗೆ ಸಾಗುತ್ತಿತ್ತು. ನಿಲ್ಲಿಸಿದ ಮೇಲೆ ವೇಬ್ರಿಡ್ಜ್‌ನಲ್ಲಿ ಚೀಟಿ ತಡೆಯಿಲ್ಲದೆ ಬರುತ್ತಿದೆ. ಕಾರಂಜಾ ಸರ್, ತುಂಬಾ ಉಪಕಾರವಾಯಿತು. ಚೀಟಿಗಳನ್ನೂ ಅಂಟಿಸಿದ್ದೇನೆ ಶಹಾಬಾದಿನ ಅಣ್ಣಾವರೇ, ಅದರ ಮೇಲೂ ಅದೇ ಹೆಸರು.

ಇನ್ನು ಹೆಸರಿಡುವ ಪದ್ಧತಿ ಕೇಳಬೇಕಿತ್ತು. ಮಾಲೀಕರಿಗೆ ಬೀದರ್‌ನಲ್ಲಿ, ಯಾದಗಿರಿಯಲ್ಲಿ ಖರೀದಿ ಕೇಂದ್ರಗಳಿವೆ. ಮೂರೂ ಕಡೆ ಹೊಂದುವಂತೆ ಹೇಗೆ ಇಡಬೇಕು?

ಭೀಮಾತೀರ, ಯಾದಗಿರಿ

ನಮ್ಮ ಸಂಸ್ಥೆಗೂ ಮೂರು ಜಿಲ್ಲೆಗಳಲ್ಲಿ ಶಾಖೆಗಳಿವೆ. ನಾವು ವಾಹನ ನೋಂದಣಿಯ ಸಂಖ್ಯೆಯನ್ನೇ ಊರಿನ ಗುರುತಾಗಿ ಇಟ್ಟುಕೊಂಡಿದ್ದೇವೆ: ಕಲಬುರಗಿಗೆ ಕೆ32, ಯಾದಗಿರಿಗೆ ಕೆ33, ಬೀದರ್‌ಗೆ ಕೆ38. ಭಾಲ್ಕಿಗೆ 39, ಬಸವಕಲ್ಯಾಣಕ್ಕೆ 56 ಇವೆಯಾದ್ದರಿಂದ ಮುಂದೆ ಅಲ್ಲಿ ಶಾಖೆ ತೆರೆದರೂ ತೊಂದರೆಯಿಲ್ಲ. ಅದರ ಮುಂದೆ ಉಪಕರಣದ ಬಗೆ, ಆಮೇಲೆ ಜಾಗ. ಕೆ32-ಕ್ಯಾಮ್-ಗೇಟ್, ಕೆ33-ಪ್ರಿಂಟ್-ಲೆಕ್ಕ, ಹೀಗೆ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಯಂತ್ರಕ್ಕೆ ಕೊಡುವಾಗ ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್ ಇಷ್ಟೇ. ಅಂಡರ್‌ಸ್ಕೋರ್ ಬೇಡ, ನಡುವೆ ಜಾಗ ಬೇಡ, ಚುಕ್ಕಿಗಳ ನಡುವಿನ ಒಂದು ತುಣುಕು 63 ಅಕ್ಷರ ಮೀರಬಾರದು.

ಊರಿನ ಹೆಸರನ್ನೇ ಏಕೆ ಬರೆಯಲಿಲ್ಲ ಎಂದರೆ, ನಮ್ಮ ಊರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಕಲಬುರಗಿಯ ‘ಬ’ದ ಮುಂದೆ, ‘ಲ’ದ ಮುಂದೆ ಎಲ್ಲಿ ಸ್ವರ ಹಾಕಬೇಕೆಂಬ ಜಗಳ ಮುಗಿಯುವುದಿಲ್ಲ. ಹಳೆಯ ಯಂತ್ರಗಳಲ್ಲಿ ಗುಲ್ಬರ್ಗಾ ಎಂದೇ ಉಳಿದಿದೆ. 2014ರ ನವೆಂಬರ್ 1ರಂದು ಊರಿನ ಹೆಸರು ಅಧಿಕೃತವಾಗಿ ಬದಲಾಯಿತು, ಯಂತ್ರಗಳ ಹೆಸರು ಬದಲಾಯಿಸುವವರು ಯಾರು? ಕಂಪ್ಯೂಟರಿಗೆ ಹೆಸರಿಡುವುದು ಹೇಗೆಂದು 1990ರಲ್ಲೇ ಆರ್‌ಎಫ್‌ಸಿ 1178 ಎಂಬ ದಾಖಲೆ ಬಂದಿದೆ. ಎರಡು ಕಾಗುಣಿತಕ್ಕೆ ಎಡೆಕೊಡುವ ಹೆಸರು ಬೇಡ, ನಿಮ್ಮ ಸ್ವಂತ ಹೆಸರು ಬೇಡ ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಗುಮಾಸ್ತರ ಹೆಸರಿಟ್ಟ ಕಂಪ್ಯೂಟರ್ ಅವರು ನಿವೃತ್ತರಾದ ಮೇಲೂ ಅದೇ ಹೆಸರಿನಲ್ಲಿ ಉಳಿಯುತ್ತದೆ, ಹೊಸಬರಿಗೆ ಅರ್ಥವಾಗುವುದಿಲ್ಲ.

ಚೌಬಾರಾ, ಬೀದರ್

ನಾನು ಉಪನ್ಯಾಸಕಿ, ದತ್ತಾಂಶದ ಪ್ಯಾಕೆಟ್ ಸಾಗುವ ದಾರಿ ತೋರಿಸುವ ಟ್ರೇಸ್‌ರೂಟ್ ಕಲಿಸುವಾಗ ಇದೇ ವಿಷಯ ಬರುತ್ತದೆ. ವ್ಯಾನ್ ಜೇಕಬ್ಸನ್ 1980ರ ದಶಕದ ಕೊನೆಯಲ್ಲಿ ಬರೆದ ಈ ಸಾಧನ ದಾರಿಯ ಒಂದೊಂದು ರೂಟರಿನ ಸಂಖ್ಯೆಯನ್ನಷ್ಟೇ ಪಡೆಯುತ್ತದೆ. ಪರದೆಯ ಮೇಲೆ ಕಾಣುವ ಹೆಸರುಗಳೆಲ್ಲ ಆಮೇಲೆ ಪಿಟಿಆರ್ ಕೇಳಿ ತಂದದ್ದು. ದೊಡ್ಡ ಸೇವಾದಾರರ ಹೆಸರುಗಳಲ್ಲಿ ವಿಮಾನ ನಿಲ್ದಾಣದ ಮೂರಕ್ಷರದ ಸಂಕೇತ ಇರುವುದು ಸಾಮಾನ್ಯ. ‘ಎಚ್‌ವೈಡಿ’ ಕಂಡರೆ ಹೈದರಾಬಾದ್, ‘ಬಿಒಎಂ’ ಕಂಡರೆ ಮುಂಬೈ, ‘ಎಂಎಎ’ ಎಂದರೆ ಚೆನ್ನೈ. ಬೀದರ್‌ನ ಮೇಜಿನ ಮುಂದೆ ಕೂತು ನಮ್ಮ ಪ್ಯಾಕೆಟ್ ಯಾವ ಊರು ಹಾದು ಹೋಯಿತೆಂದು ವಿದ್ಯಾರ್ಥಿಗಳು ಓದಿ ಹೇಳುವಾಗ ಅವರ ಮುಖ ಅರಳುವುದನ್ನು ನೋಡಬೇಕು. ನಮ್ಮ ಬೀದರ್‌ಗೆ ‘ಐಎಕ್ಸ್‌ಎಕ್ಸ್’. ಕಲಬುರಗಿಯ ನಿಲ್ದಾಣ 2019ರ ನವೆಂಬರ್‌ನಲ್ಲಿ, ಅಂದರೆ ಊರಿನ ಹೆಸರು ಬದಲಾದ ಮೇಲೆ ತೆರೆದರೂ ಅದರ ಸಂಕೇತ ‘ಜಿಬಿಐ’.

ಒಂದು ಎಚ್ಚರ ಹೇಳುತ್ತೇನೆ: ರೂಟರನ್ನು ಬೇರೆ ಊರಿಗೆ ಸಾಗಿಸಿ ಪಿಟಿಆರ್ ಬದಲಿಸದೆ ಬಿಟ್ಟಿರಬಹುದು. ಹೆಸರು ನಂಬುವ ಮೊದಲು ಉತ್ತರ ಬರಲು ಹಿಡಿದ ಮಿಲಿಸೆಕೆಂಡ್ ನೋಡಿ.

ನನ್ನದೊಂದು ಪ್ರಶ್ನೆ. ಪಿಟಿಆರ್‌ನಲ್ಲಿ ಯಾರು ಬೇಕಾದರೂ ಯಾವ ಹೆಸರು ಬೇಕಾದರೂ ಬರೆಯಬಹುದೇ? ವಿದ್ಯಾರ್ಥಿನಿಯೊಬ್ಬಳು ಕೇಳಿದಳು, ಅವಳಿಗೆ ಪೂರ್ತಿ ಉತ್ತರ ಕೊಡಬೇಕು.

ಭೀಮಾತೀರ, ಯಾದಗಿರಿ

ಮೇಡಂ, ಬರೆಯಬಹುದು. ಸಂಖ್ಯೆಗಳ ಗುಂಪು ಯಾರ ವಶದಲ್ಲಿದೆಯೋ ಅವರು ತಮ್ಮ ಸಂಖ್ಯೆಗೆ ಬ್ಯಾಂಕಿನ ಹೆಸರನ್ನೇ ಬರೆದರೂ ಡಿಎನ್‌ಎಸ್ ತಡೆಯುವುದಿಲ್ಲ. ಅದಕ್ಕೇ ಪಿಟಿಆರ್ ಒಂದನ್ನೇ ನಂಬಿ ಯಾರಿಗೂ ಬಾಗಿಲು ತೆರೆಯಬಾರದು. ಸಂಖ್ಯೆಯಿಂದ ಹೆಸರು ಪಡೆದು, ಆ ಹೆಸರನ್ನು ಮತ್ತೆ ಕೇಳಿ, ಮೊದಲಿನ ಸಂಖ್ಯೆಯೇ ಬಂದರೆ ಮಾತ್ರ ಒಪ್ಪಬೇಕು. ಬ್ಯಾಂಕಿನ ಹೆಸರು ಕದ್ದವನ ಕೈಯಲ್ಲಿ ಬ್ಯಾಂಕಿನ ‘ಎ’ ದಾಖಲೆ ಇರುವುದಿಲ್ಲವಾದ್ದರಿಂದ ಎರಡನೆಯ ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತಾನೆ. ಗೂಗಲ್‌ನ ಶೋಧಕ ಎಂದು ಹೇಳಿಕೊಂಡು ಬರುವವರನ್ನು ಪರೀಕ್ಷಿಸಲು ಗೂಗಲ್ ಕೂಡ ಇದೇ ಎರಡು ಹಂತದ ವಿಧಾನ ಹೇಳುತ್ತದೆ.

ಇದು ನನ್ನ ತಲೆಗೆ ಗಟ್ಟಿಯಾಗಿ ಕೂತದ್ದು ಇಮೇಲ್ ವಿಷಯದಲ್ಲಿ. ನಮ್ಮ ಸಂಸ್ಥೆಯ ಇಮೇಲ್ ಸರ್ವರ್ ಸ್ವಂತದ್ದು. ರೈತರಿಗೆ ಕಳುಹಿಸುವ ಪಾವತಿ ಸೂಚನೆಗಳು ಒಂದು ಹಂತದಲ್ಲಿ ತಿರುಗಿ ಬರತೊಡಗಿದವು. 2024ರ ಫೆಬ್ರವರಿಯಿಂದ ಗೂಗಲ್ ತನ್ನ ಖಾತೆಗಳಿಗೆ ಅಂಚೆ ಕಳುಹಿಸುವ ಎಲ್ಲರಿಗೂ ಎರಡೂ ದಿಕ್ಕಿನ ದಾಖಲೆ ಸರಿಯಿರಬೇಕೆಂದು ವಿಧಿಸಿದೆ. ಡೊಮೇನ್ ಕೊಂಡ ಕಡೆ ಪಿಟಿಆರ್ ಸೇರಿಸುವ ಜಾಗವಿದೆ, ಆದರೆ ಅಲ್ಲಿ ಸೇರಿಸಿ ಫಲವಿಲ್ಲ. ಏಕೆಂದರೆ ಇನ್-ಆಡರ್.ಆರ್ಪಾ ಮರದಲ್ಲಿ ಅಧಿಕಾರ ಇಳಿಯುವ ದಾರಿ ಬೇರೆ. ಮೇಲೆ ಜಗತ್ತಿನ ಐಪಿ ಸಂಖ್ಯೆಗಳನ್ನು ಹಂಚುವ ಐಎಎನ್‌ಎ, ಅದರ ಕೆಳಗೆ ಏಷ್ಯಾ-ಪೆಸಿಫಿಕ್ ಭಾಗಕ್ಕೆ ಎಪಿನಿಕ್, ಭಾರತಕ್ಕೆ ಐಆರ್‌ಐಎನ್‌ಎನ್, ಅಲ್ಲಿಂದ ಇಂಟರ್‌ನೆಟ್ ಸೇವಾದಾರ. ನಮ್ಮ ಸಂಖ್ಯೆಯ ಹೆಸರು ಬರೆಯುವ ಲೇಖನಿ ಸೇವಾದಾರನ ಕೈಯಲ್ಲಿದೆ.

ಸೇವಾದಾರನ ಸಹಾಯವಾಣಿಯಲ್ಲಿ ಪಿಟಿಆರ್ ಎಂದರೆ ಏನೆಂದು ನಾವೇ ವಿವರಿಸಬೇಕಾಯಿತು. ಮೋಡೆಮ್ ಆರಿಸಿ ಹಚ್ಚಿ ಎಂಬ ಉತ್ತರ ಬಂತು. ಹಣ ಕಟ್ಟಿ ಸ್ಥಿರ ಐಪಿ ಪಡೆದವರಿಗೆ ಇಂಥ ಉತ್ತರ ಬರುವುದು ಅನ್ಯಾಯ. ಕೊನೆಗೆ ಲಿಖಿತ ಮನವಿ ಅವರ ನೆಟ್‌ವರ್ಕ್ ವಿಭಾಗ ತಲುಪಿದ ಮೇಲೆ ಕೆಲಸವಾಯಿತು. ನಿಮಗೆ ಈ ಸಂದರ್ಭ ಬಂದರೆ, ಮೊದಲು ‘ಎ’ ದಾಖಲೆ ಮಾಡಿಸಿ. ಆಮೇಲೆ ‘203.0.113.20 ಎಂಬ ನಮ್ಮ ಸಂಖ್ಯೆಗೆ ಇಂಥ ಹೆಸರಿನ ಪಿಟಿಆರ್ ಬೇಕು’ ಎಂದು ಒಂದೇ ಸಾಲಿನಲ್ಲಿ ಬರೆದುಕೊಡಿ. ಈ ಸಂಖ್ಯೆ ಉದಾಹರಣೆಗೆಂದೇ ಮೀಸಲಿಟ್ಟದ್ದು, ನಿಮ್ಮದನ್ನು ಬರೆಯಿರಿ. ನಿಮ್ಮ ಬಳಿ 256ಕ್ಕಿಂತ ಚಿಕ್ಕ ಗುಂಪು ಇದ್ದರೂ ಅದರ ಅಧಿಕಾರವನ್ನು ನಿಮಗೇ ಬಿಟ್ಟುಕೊಡುವ ವಿಧಾನ 1998ರ ಆರ್‌ಎಫ್‌ಸಿ 2317ರಲ್ಲಿದೆ. ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದನ್ನು ತೋರಿಸಿ.

ಸುರಪುರಬೆಟ್ಟ, ಸುರಪುರ

ಎಲ್ಲರಿಗೂ ನಮಸ್ಕಾರ. ಒಂದು ಲಿನಕ್ಸ್ ಸರ್ವರ್‌ಗೆ ದೂರದಿಂದ ಒಳಹೋಗುವ ಎಸ್‌ಎಸ್‌ಎಚ್ ಮೂಲಕ ಹೋದರೆ ಪಾಸ್‌ವರ್ಡ್ ಕೇಳುವುದಕ್ಕೇ ಬಹಳ ಹೊತ್ತು ಹಿಡಿಯುತ್ತದೆ. ಒಳಗೆ ಹೋದ ಮೇಲೆ ವೇಗವಾಗಿಯೇ ಇದೆ. ಇದಕ್ಕೂ ರಿವರ್ಸ್ ಡಿಎನ್‌ಎಸ್‌ಗೂ ಸಂಬಂಧವಿದೆಯೇ?

ಕಾರಂಜಾ, ಬೀದರ್

ಹೆಚ್ಚಾಗಿ ಅದೇ ಕಾರಣ. ಬಂದವನ ಸಂಖ್ಯೆಗೆ ಹೆಸರೇನೆಂದು ಸರ್ವರ್ ಮೊದಲು ಕೇಳುತ್ತದೆ. ಉತ್ತರವೇ ಬಾರದಿದ್ದರೆ ಕಾಯುತ್ತದೆ. ಲಿನಕ್ಸ್‌ನಲ್ಲಿ ಒಂದು ಪ್ರಶ್ನೆಗೆ 5 ಸೆಕೆಂಡ್ ಕಾಯುವುದು, 2 ಸಲ ಕೇಳುವುದು ಮೊದಲಿನಿಂದ ಇರುವ ಅಳತೆ. ಡಿಎನ್‌ಎಸ್ ಸರ್ವರ್‌ಗಳು ಎರಡಿದ್ದರೆ ಕಾಯುವಿಕೆಯೂ ಇಮ್ಮಡಿ. 2015ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 6.8ರಿಂದ ಈಚೆಗೆ ಈ ಹುಡುಕಾಟ ತಾನಾಗಿ ನಡೆಯುವುದಿಲ್ಲ. ನಿಮ್ಮದು ಹಳೆಯದಿರಬೇಕು, ಇಲ್ಲವೇ ಯಾರೋ ‘ಯೂಸ್‌ಡಿಎನ್‌ಎಸ್’ ಸಾಲನ್ನು ಹೌದು ಎಂದು ಬರೆದಿರಬೇಕು.

ಇಲ್ಲಿ ಎಲ್ಲರೂ ಗಮನಿಸಬೇಕಾದದ್ದೊಂದಿದೆ. ಹೆಸರು ಇಲ್ಲದಿದ್ದರೆ ‘ಇಲ್ಲ’ ಎಂದು ಕೂಡಲೇ ಹೇಳುವ ಸರ್ವರ್ ಇರಬೇಕು, ಮೌನವಾಗಿರುವ ಸರ್ವರ್ ಇರಬಾರದು. 10, 172.16ರಿಂದ 172.31, 192.168 ಈ ಖಾಸಗಿ ಸಂಖ್ಯೆಗಳನ್ನು ಜಗತ್ತಿನ ಎಲ್ಲ ಮನೆ, ಕಚೇರಿಗಳೂ ಬಳಸುತ್ತವೆ. ಅವುಗಳ ಹೆಸರು ಹೊರಗಿನ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ. ಆದರೂ ಅಸಂಖ್ಯ ಪ್ರಶ್ನೆಗಳು ಹೊರಗೆ ಸೋರುತ್ತವೆ. ಅವಕ್ಕೆ ‘ಇಲ್ಲ’ ಎಂದು ಹೇಳುವುದಕ್ಕೆಂದೇ ಎಎಸ್112 ಎಂಬ ಯೋಜನೆಯಲ್ಲಿ ಸ್ವಯಂಸೇವಕರು ಹಲವು ದೇಶಗಳಲ್ಲಿ ಸರ್ವರ್‌ಗಳನ್ನು ನಡೆಸುತ್ತಿದ್ದಾರೆ. ನಮ್ಮ ಜಾಲದ ಪ್ರಿಂಟರಿನ ಹೆಸರನ್ನು ಅವರಿಗೆ ಕೇಳುವುದು ನನಗೆ ಸರಿಕಾಣುವುದಿಲ್ಲ. ಖಾಸಗಿ ಸಂಖ್ಯೆಗಳಿಗೆ ಒಳಗೇ ಉತ್ತರ ಕೊಡಿ ಎಂದು 2011ರ ಆರ್‌ಎಫ್‌ಸಿ 6303 ಹೇಳುತ್ತದೆ. ಡಿಎನ್‌ಎಸ್‌ಮಾಸ್ಕ್‌ನಲ್ಲಿ ‘ಬೋಗಸ್-ಪ್ರಿವ್’ ಎಂಬ ಒಂದು ಸಾಲು ಸಾಕು.

ಚೌಬಾರಾ, ಬೀದರ್

ಇನ್ನೊಂದು ಕಡೆಯಿಂದಲೂ ಯೋಚಿಸಬೇಕು. ಸಾರ್ವಜನಿಕ ಸಂಖ್ಯೆಗಳಿರುವ ಕಾಲೇಜು, ಆಸ್ಪತ್ರೆಗಳಲ್ಲಿ ಡಿಎಚ್‌ಸಿಪಿ ಕೊಟ್ಟ ಹೆಸರು ನೇರ ಹೊರಗಿನ ಪಿಟಿಆರ್‌ಗೆ ಹೋಗುವಂತೆ ಮಾಡಿಡುತ್ತಾರೆ. ಫೋನ್‌ಗೆ ಜನ ತಮ್ಮ ಹೆಸರನ್ನೇ ಇಟ್ಟಿರುತ್ತಾರಲ್ಲ. ಯಾವ ಹುಡುಗಿಯ ಫೋನ್ ಎಷ್ಟು ಹೊತ್ತಿಗೆ ಹಾಸ್ಟೆಲಿನಲ್ಲಿತ್ತು ಎಂಬುದನ್ನು ಪ್ರಪಂಚದ ಯಾವ ಮೂಲೆಯವನೂ ಕೇಳಿ ತಿಳಿಯಬಹುದು. ಇದು ಹೇಗೆ ನಡೆಯುತ್ತದೆಂದು ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಅಳೆದು ತೋರಿಸಿದ್ದಾರೆ. ಓದಬಲ್ಲ ಹೆಸರು ನಮಗೆ ಬೇಕು, ಹೊರಗಿನವರಿಗೆ ಬೇಡ. ಹೊರಗಿನ ಪಿಟಿಆರ್‌ನಲ್ಲಿ ಸಂಖ್ಯೆಯಿಂದಲೇ ಕಟ್ಟಿದ ಅರ್ಥವಿಲ್ಲದ ಹೆಸರು ಇರಲಿ, ಸರ್ವರ್‌ಗಳಿಗೆ ಮಾತ್ರ ನಿಜವಾದ ಹೆಸರು ಕೊಡಿ. ಮಕ್ಕಳ ವಿಷಯದಲ್ಲಿ ಇದರಲ್ಲಿ ರಾಜಿ ಸಲ್ಲದು.

ತೊಗರಿಕಣಜ, ಕಲಬುರಗಿ

ಅಕ್ಕಾವರು ಹೇಳಿದ್ದು ಸರಿ. ನಮ್ಮಲ್ಲಿ ಎಲ್ಲವೂ ಒಳಗಿನ ಜಾಲವೇ. ಹೆಸರುಗಳ ಕೊನೆಗೆ ಏನು ಹಾಕಬೇಕು? ಕೆಲವರು ‘.ಲೋಕಲ್’ ಹಾಕುತ್ತಾರೆ.

ಕಾರಂಜಾ, ಬೀದರ್

‘.ಲೋಕಲ್’ ಬೇಡ. ಅದು ಸರ್ವರ್ ಇಲ್ಲದೆ ಉಪಕರಣಗಳು ತಮ್ಮತಮ್ಮಲ್ಲೇ ಕೂಗಿ ಹೆಸರು ತಿಳಿಯುವ ಎಂಡಿಎನ್‌ಎಸ್‌ಗೆ 2013ರ ಆರ್‌ಎಫ್‌ಸಿ 6762ರಲ್ಲಿ ಮೀಸಲಾಗಿದೆ. ಎರಡೂ ಬೆರೆತರೆ ಒಂದು ಯಂತ್ರದಲ್ಲಿ ಹೆಸರು ಸಿಗುತ್ತದೆ, ಪಕ್ಕದ್ದರಲ್ಲಿ ಸಿಗುವುದಿಲ್ಲ. ಮನೆಗಳಿಗೆ ‘ಹೋಮ್.ಆರ್ಪಾ’ ಇದೆ. ಕಚೇರಿಗೆ ‘.ಇಂಟರ್ನಲ್’ ಬಳಸಿ, ಖಾಸಗಿ ಬಳಕೆಗೆಂದು ಡೊಮೇನ್ ಹೆಸರುಗಳ ಜಾಗತಿಕ ಸಂಸ್ಥೆ ಐಕಾನ್ 2024ರಲ್ಲಿ ಅದನ್ನು ಮೀಸಲಿಟ್ಟಿದೆ. ಸ್ವಂತ ಡೊಮೇನ್ ಇದ್ದರೆ ಅದರ ಕೆಳಗೆ ಒಂದು ಕೊಂಬೆ ಮಾಡಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ಉದ್ದನೆಯ ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6 ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಅಲ್ಲಿ ವಿಳಾಸದ 32 ಅಕ್ಷರಗಳನ್ನೂ ಒಂದೊಂದಾಗಿ ತಿರುಗಿಸಿ ನಡುವೆ ಚುಕ್ಕಿ ಹಾಕಿ ಐಪಿ6.ಆರ್ಪಾ ಸೇರಿಸಬೇಕು. ಕೈಯಿಂದ ಬರೆಯಬೇಡಿ, ‘ಡಿಗ್ -ಎಕ್ಸ್’ಗೆ ಬಿಡಿ.

ಸುರಪುರಬೆಟ್ಟ, ಸುರಪುರ

‘ಯೂಸ್‌ಡಿಎನ್‌ಎಸ್’ ಹೌದು ಎಂದೇ ಇತ್ತು, ಬದಲಿಸಿದೆ. ಈಗ ಪಾಸ್‌ವರ್ಡ್ ತಕ್ಷಣ ಕೇಳುತ್ತದೆ. ನಮ್ಮ ಶಾಲೆಯಲ್ಲಿ ವಿಂಡೋಸ್ ಸರ್ವರ್ ಮತ್ತು ಕಂಪ್ಯೂಟರ್, ಬಳಕೆದಾರರನ್ನು ಒಂದೆಡೆ ನಿರ್ವಹಿಸುವ ಆಕ್ಟಿವ್ ಡೈರೆಕ್ಟರಿ ಇದೆ. ಅಲ್ಲಿಯೂ ಹೆಸರಿನಿಂದ ಸಂಖ್ಯೆ ಬರುತ್ತದೆ, ಸಂಖ್ಯೆಯಿಂದ ಹೆಸರು ಬರುವುದಿಲ್ಲ.

ಕಾರಂಜಾ, ಬೀದರ್

ವಿಂಡೋಸ್ ಡಿಎನ್‌ಎಸ್ ರಿವರ್ಸ್ ವಲಯವನ್ನು, ಅಂದರೆ ಪಿಟಿಆರ್ ದಾಖಲೆಗಳ ಗುಂಪನ್ನು, ತಾನಾಗಿ ಸೃಷ್ಟಿಸುವುದಿಲ್ಲ. ‘ರಿವರ್ಸ್ ಲುಕಪ್ ಝೋನ್ಸ್’ ಎಂಬಲ್ಲಿ ಬಲಗುಂಡಿ ಒತ್ತಿ, ನಿಮ್ಮ ಜಾಲದ ಮೊದಲ ಮೂರು ಸಂಖ್ಯೆ ಕೊಟ್ಟು ನೀವೇ ಸೃಷ್ಟಿಸಬೇಕು. ಸುರಕ್ಷಿತ ನವೀಕರಣ ಮಾತ್ರ ಎಂಬುದನ್ನು ಆರಿಸಿ. ಆಮೇಲೆ ಕಂಪ್ಯೂಟರ್‌ಗಳು ತಮ್ಮ ಹೆಸರನ್ನು ತಾವೇ ಬರೆದುಕೊಳ್ಳುತ್ತವೆ. ಬೇಗ ಆಗಬೇಕಾದರೆ ಅವುಗಳಲ್ಲಿ ‘ಐಪಿಕಾನ್ಫಿಗ್ /ರಿಜಿಸ್ಟರ್‌ಡಿಎನ್‌ಎಸ್’ ಕೊಡಿ. ಪ್ರಿಂಟರ್‌ನಂಥವನ್ನು ಕೈಯಿಂದ ಸೇರಿಸುವಾಗ ಪಿಟಿಆರ್ ಕೂಡ ಸೃಷ್ಟಿಸು ಎಂಬ ಚೌಕದಲ್ಲಿ ಗುರುತು ಹಾಕುವುದನ್ನು ಮರೆಯಬೇಡಿ. ಹಳೆಯ ದಾಖಲೆಗಳನ್ನು ಗುಡಿಸುವ ‘ಸ್ಕ್ಯಾವೆಂಜಿಂಗ್’ ಆಯ್ಕೆ ಮೊದಲು ಮುಚ್ಚಿರುತ್ತದೆ, ಅದನ್ನು ಸರ್ವರ್‌ನಲ್ಲೂ ವಲಯದಲ್ಲೂ ತೆರೆಯಿರಿ. ದಾಖಲೆ ಹಳೆಯದೆಂದು ಎಣಿಸುವ ಮುನ್ನ ಕಾಯುವ 7 ಮತ್ತು 7 ದಿನಗಳ ಎರಡು ಅವಧಿ ಅದರಲ್ಲಿ ಮೊದಲೇ ಇದೆ, ಡಿಎಚ್‌ಸಿಪಿ ವಿಳಾಸ ಕೊಡುವ ಅವಧಿ 8 ದಿನವಿದ್ದರೆ ಹಾಗೆಯೇ ಬಿಡಬಹುದು.